ಉಣ್ಣೆ ಟೋಪಿಯೊಳಗಿನ ಉತ್ತರ

ಡಿಸೆಂಬರ್ 9

ಇವತ್ತು ನಾನು ಕೆಲಸ ಮಾಡುವ ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬ ಕಳ್ಳನನ್ನು ಹಿಡಿದೆ.

ಹೆಸರು ಅಶ್ವಿನ್. ಬಣಕಲ್‌ನವನೇ, ಹೈಸ್ಕೂಲು ಮೇಷ್ಟ್ರ ಮಗ. ನಮ್ಮ ಅಂಗಡಿಗೆ ಫೈಬರ್ ಲೈನು ಬಂದ ಮೇಲೆ ಸುತ್ತಲಿನ ಎಸ್ಟೇಟುಗಳಲ್ಲಿ ಓದಿಕೊಂಡ ಹುಡುಗ ಹುಡುಗಿಯರೆಲ್ಲ ಆನ್‌ಲೈನ್ ಸಂದರ್ಶನಕ್ಕೆ ಈ ಕೋಣೆಗೇ ಬರುತ್ತಾರೆ. ಮಾಲೀಕರಾದ ರವಿಶಂಕರ ಅವರು ಮೊದಲು ಇಲ್ಲಿ ಕಾಫಿ ಖರೀದಿ ಮಾಡುತ್ತಿದ್ದರು. ಗೋಡೆಗೆ ಸುಣ್ಣ ಹೊಡೆಸಿ, ಗಾಜಿನ ಬಾಗಿಲು ಹಾಕಿಸಿ, ಕುರ್ಚಿ ಇಟ್ಟರೂ ಪಾರ್ಚ್‌ಮೆಂಟ್ ಕಾಫಿಬೀಜದ ವಾಸನೆ ಹೋಗಿಲ್ಲ. ಕೋಟು ಹಾಕಿಕೊಂಡು ಕೆಳಗೆ ಲುಂಗಿಯಲ್ಲೇ ಕೂತು ಮಾತಾಡುವವರನ್ನು ನೋಡಿ ನನಗೆ ಅಭ್ಯಾಸವಾಗಿದೆ. ಆದರೆ ಅಶ್ವಿನ್ ಲ್ಯಾಪ್‌ಟಾಪಿನ ಹಿಂದೆ ಇನ್ನೊಂದು ಫೋನನ್ನು ಒರಗಿಸಿಟ್ಟಿದ್ದ. ಸಂದರ್ಶನ ಮಾಡುವವರು ಕೇಳಿದ್ದನ್ನು ಆ ಫೋನು ಕೇಳಿಸಿಕೊಂಡು ಉತ್ತರ ಬರೆದು ತೋರಿಸುತ್ತಿತ್ತು. ಇವನು ಯೋಚಿಸುವವನ ಹಾಗೆ ಗಲ್ಲ ಕೆರೆದುಕೊಂಡು ಅದನ್ನೇ ಓದುತ್ತಿದ್ದ.

ಮುಗಿದ ಮೇಲೆ ಕೇಳಿದೆ. ನಾಚಿಕೆ ಇಲ್ಲ. "ಎಲ್ರೂ ಮಾಡ್ತಾರೆ ಮಾರಾಯ್ತಿ. ಮಾಡ್ದೇ ಇದ್ದೋನು ಪೆದ್ದ, ಅಷ್ಟೆ" ಅಂದ.

ದೊಡ್ಡ ಅಕ್ಷರದಲ್ಲಿ ಬರೆದು ಗಾಜಿನ ಬಾಗಿಲಿಗೆ ಅಂಟಿಸಿದ್ದೇನೆ: ಇಲ್ಲಿ ಪ್ರಾಮಾಣಿಕರಿಗೆ ಮಾತ್ರ ಪ್ರವೇಶ. ಇಷ್ಟಕ್ಕೇ ಬಿಡುವುದಿಲ್ಲ. ಮೂಡಿಗೆರೆ ಬಸ್‌ಸ್ಟ್ಯಾಂಡಿನ ಪುಸ್ತಕದ ಗಾಡಿಯಲ್ಲಿ ಸಿಗುವ ಕಿರುಹೊತ್ತಗೆಗಳೇ ನನ್ನ ವಿಶ್ವವಿದ್ಯಾಲಯ. ಇನ್ನು ನಾನೇ ಒಂದು ಬರೆಯಬೇಕು. ತಲೆಬರಹ ಸಿಕ್ಕಿದೆ: 'ಸಂದರ್ಶನದಲ್ಲಿ ಕದಿಯುವವರು ಏಕೆ ಕದಿಯುತ್ತಾರೆ?' ಮೊದಲ ವಾಕ್ಯವೂ ಸಿಕ್ಕಿದೆ: ಏಕೆಂದರೆ ಅವರಿಗೆ ಬೆನ್ನೆಲುಬಿಲ್ಲ.

ಡಿಸೆಂಬರ್ 12

ಉಮೇಶ್ ಬಂದಿದ್ದ. ಬಾಗಿಲ ಮೇಲಿನ ಕಾಗದವನ್ನು ಓದಿ, "ಹಂಗಾದ್ರೆ ನಿಮ್ಮ ಅಂಗಡಿಗೆ ಇನ್ನು ವ್ಯಾಪಾರ ಇಲ್ಲ ಬಿಡು, ಲೀಡರ್" ಅಂದ. ನನ್ನನ್ನು ಹಾಗೆ ಕರೆಯುವುದು ಅವನೊಬ್ಬನೇ. ಬೇರೆ ಯಾರಾದರೂ ಕರೆದರೆ ಸಹಿಸುವುದಿಲ್ಲ.

ಅವನು ನಮ್ಮ ಎಸ್ಟೇಟಿನ ಹಳೆಯ ಮೇಸ್ತ್ರಿ ಜವರಯ್ಯನವರ ಮಗ. ನಮ್ಮ ಮನೆಯೂ ಅವರ ಮನೆಯೂ ಎಸ್ಟೇಟಿನ ಕೂಲಿಮನೆಗಳ ಒಂದೇ ಲೈನಿನಲ್ಲಿ. ಮೂಡಿಗೆರೆ ಕಾಲೇಜಿನಲ್ಲಿ ಒಂದೇ ಬೆಂಚಿನ ಎರಡು ತುದಿಗೆ ಕೂತು ಬಿಸಿಎ ಮಾಡಿದೆವು. ಈಗ ನಾನು ಪ್ರಿಂಟ್ ತೆಗೆಯುತ್ತೇನೆ, ಅವನು ಎಸ್ಟೇಟಿನ ಪಿಕಪ್ ಓಡಿಸುತ್ತಾನೆ.

ಹೋದ ವಾರ ಅವನೂ ಒಂದು ಸಂದರ್ಶನ ಕೊಟ್ಟಿದ್ದನಂತೆ, ಪಿಕಪ್ಪಿನಲ್ಲೇ ಕೂತು, ಕೊಟ್ಟಿಗೆಹಾರದ ತಿರುವಿನಲ್ಲಿ ಸಿಗ್ನಲ್ ಸಿಗುವ ಕಡೆ. ಏನು ಕೇಳಿದರು ಎಂದರೆ ಗೊತ್ತಿದ್ದದ್ದೇ ಕೇಳಿದರು ಅಂದ. ನೀನೇನು ಹೇಳಿದೆ ಎಂದೆ. "ಗೊತ್ತಿಲ್ಲ ಸಾರ್ ಅಂದೆ."

ನಾನು ಬೈದೆ. ಅವನು ನಕ್ಕು ಹೋದ. ಹೋಗುವಾಗ ಫೋನು ತೋರಿಸಿ, ಕಂಟ್ರಾಕ್ಟರನ ಕರೆ ರೆಕಾರ್ಡ್ ಆಗಿದೆಯಾ ನೋಡು ಎಂದ. ಆಗಿತ್ತು. ಕಳೆದ ವರ್ಷ ಕಂಟ್ರಾಕ್ಟರ್ ಫೋನಿನಲ್ಲಿ ಹೇಳಿದ ಕೂಲಿಯನ್ನು ಆಮೇಲೆ ಇಲ್ಲವೆಂದಾಗ ಲೈನಿನ ಪ್ರತಿಯೊಬ್ಬರ ಫೋನಿನಲ್ಲೂ ಕರೆಗಳು ತಾವೇ ರೆಕಾರ್ಡ್ ಆಗುವ ಹಾಗೆ ನಾನೇ ಮಾಡಿಕೊಟ್ಟಿದ್ದೆ. ಮಾತೇ ಸಾಕ್ಷಿ ಎಂಬುದು ನಮ್ಮ ಘೋಷಣೆಯಾಗಿತ್ತು. ಉಳಿದವರೆಲ್ಲ ತೆಗೆಸಿಬಿಟ್ಟರು. ಉಮೇಶ್ ಇಟ್ಟುಕೊಂಡಿದ್ದಾನೆ.

ಡಿಸೆಂಬರ್ 15

ಭಾನುವಾರ. ಅಮ್ಮನ ಜೊತೆ ಕಾಫಿ ಕುಯ್ಲಿಗೆ ಹೋಗಿದ್ದೆ. ಚಳಿಗೆ ಬೆರಳು ಮಡಚುವುದಿಲ್ಲ, ಆದರೂ ಹಣ್ಣು ಮಾತ್ರ ಬೆಚ್ಚಗಿರುವ ಹಾಗೆ ಕಾಣುತ್ತದೆ.

ಸಂಜೆ ತೂಕದ ಹೊತ್ತಿಗೆ ಅಮ್ಮ ಯಾವತ್ತಿನಂತೆ ತನ್ನ ಚೀಲದಿಂದ ಎರಡು ಬುಟ್ಟಿ ಹಣ್ಣು ತೆಗೆದು ತಂಗಮ್ಮನ ಚೀಲಕ್ಕೆ ಸುರಿದಳು. ತಂಗಮ್ಮನ ಮಂಡಿ ಹೋಗಿದೆ, ಇಳಿಜಾರಿನಲ್ಲಿ ನಿಲ್ಲಲಾಗುವುದಿಲ್ಲ, ದಿನದ ತೂಕ ತುಂಬುವುದಿಲ್ಲ. ಚಿಕ್ಕಂದಿನಿಂದ ನೋಡಿದ್ದೇನೆ. ಇದು ಐಕ್ಯತೆ ಎಂದು ನಾನೇ ಒಮ್ಮೆ ಭಾಷಣ ಮಾಡಿದ್ದೇನೆ. ಇವತ್ತು ಮಾತ್ರ ಅಶ್ವಿನ್ ನೆನಪಾಗಿ ಅಮ್ಮನನ್ನು ಕೇಳಿದೆ, ಇದು ಕಳ್ಳತನ ಅಲ್ಲವಾ ಎಂದು.

ಅಮ್ಮ ಚೀಲದ ಬಾಯಿ ಕಟ್ಟುತ್ತಲೇ ಹೇಳಿದಳು: "ಹಣ್ಣು ಕಿತ್ತಿದ್ದು ನಿಜ ತಾನೇ? ಯಾವ ಚೀಲಕ್ಕೆ ಬಿದ್ರೇನು. ತೂಕದ ಮೇಲೆ ಕಾಲಿಡೋದು ಕಳ್ಳತನ."

ತಟ್ಟೆಯ ಅಂಚಿನ ಮೇಲೆ ಹೆಬ್ಬೆರಳು ಊರಿ ತೂಕ ಹೆಚ್ಚಿಸಿದ ಒಬ್ಬಳ ಕಥೆ ಲೈನಿನಲ್ಲಿ ಇನ್ನೂ ಹೇಳುತ್ತಾರೆ. ಅವಳ ಹೆಸರನ್ನು ಯಾರೂ ತಮ್ಮ ಮಕ್ಕಳಿಗೆ ಇಡಲಿಲ್ಲವಂತೆ.

ಚೀಲಕ್ಕೆ ಸುರಿಯಬಹುದು, ತಕ್ಕಡಿಯ ಮೇಲೆ ಕಾಲಿಡಬಾರದು. ಇದನ್ನು ಕಿರುಹೊತ್ತಗೆಯಲ್ಲಿ ಸೇರಿಸಬೇಕು. ಬೆನ್ನೆಲುಬಿನ ವಾಕ್ಯದ ನಂತರ.

ಡಿಸೆಂಬರ್ 22

ಉಮೇಶನ ಚೀಲಕ್ಕೆ ಸುರಿಯಲು ಶುರು ಮಾಡಿದ್ದೇನೆ. ಅಂದರೆ ಅಭ್ಯಾಸದ ಸಂದರ್ಶನ. ಅಂಗಡಿ ಬಾಗಿಲು ಹಾಕುವ ಮುಂಚೆ ಅರ್ಧ ಗಂಟೆ. ನಾನು ಮೇಜಿನ ಈ ಕಡೆ, ಅವನು ಆ ಕಡೆ, ಕಿವಿ ಮುಚ್ಚುವ ಕಂದು ಉಣ್ಣೆ ಟೋಪಿ ಹಾಕಿಕೊಂಡು.

ಬೇಕೆಂದೇ ಅವನು ಮಾಡಿದ ಕೆಲಸವನ್ನೇ ಕೇಳಿದೆ. ಎಸ್ಟೇಟಿನ ತೂಕದ ಆ್ಯಪಿನಲ್ಲಿ ನೆಟ್‌ವರ್ಕ್ ಹೋಗಿ ಬಂದಾಗ ಒಂದೇ ಚೀಲ ಎರಡು ಸಲ ದಾಖಲಾಗುತ್ತಿತ್ತು. ಯಾರೂ ಹೇಳದೆ ಅದನ್ನು ಸರಿಮಾಡಿದವನು ಅವನು. ಒಂದೇ ದಾಖಲೆ ಎರಡು ಸಲ ಸೇವ್ ಆದರೆ ಹೇಗೆ ಪತ್ತೆ ಮಾಡುತ್ತೀರಿ ಎಂದೆ.

"ಗೊತ್ತಿಲ್ಲ ಮೇಡಂ."

ನನಗೆ ತಮಾಷೆ ಅನ್ನಿಸಿತು. ಅವನ ಮುಖ ನೋಡಿದರೆ ತಮಾಷೆ ಅಲ್ಲ. ಆಮೇಲೆ ಅವನೇ ಹೇಳಿದ. ಸಣ್ಣವನಿದ್ದಾಗ ಎಸ್ಟೇಟಿನ ಸಾವ್ಕಾರ್ರು ಪಂಪು ಯಾಕೆ ನಿಂತಿದೆ ಎಂದು ಕೇಳಿದ್ದಕ್ಕೆ ಇವನು ಕಾರಣ ಹೇಳಿದನಂತೆ. ಮನೆಗೆ ಬಂದ ಮೇಲೆ ಜವರಯ್ಯ ಹೇಳಿದ ಮಾತು: "ಕುರ್ಚಿ ಮೇಲೆ ಕೂತೋರು ಕೇಳಿದ್ರೆ ಗೊತ್ತಿಲ್ಲ ಅನ್ನು. ಗೊತ್ತು ಅಂದೋನಿಗೆ ಕೆಲಸ ಜಾಸ್ತಿ, ಬೈಗುಳ ಇನ್ನೂ ಜಾಸ್ತಿ."

ಲೈನಿನ ಮಕ್ಕಳೆಲ್ಲ ಹೀಗೇ ಬೆಳೆದಿದ್ದೇವೆ. ನನ್ನೊಬ್ಬಳ ಬಾಯಿ ಮಾತ್ರ ಹೇಗೋ ತೆರೆದುಕೊಂಡಿತು. ಗೊತ್ತಿಲ್ಲದವನು ಗೊತ್ತಿದೆ ಎನ್ನುವುದನ್ನು ಹಿಡಿಯಲು ಕಂಪನಿಗಳು ಕ್ಯಾಮೆರಾ ಇಡುತ್ತವೆ. ಗೊತ್ತಿದ್ದವನು ಗೊತ್ತಿಲ್ಲ ಎನ್ನುವುದನ್ನು ಹಿಡಿಯುವ ಕ್ಯಾಮೆರಾ ಎಲ್ಲಿದೆ?

ಬೆನ್ನೆಲುಬಿನ ವಾಕ್ಯವನ್ನು ಹೊಡೆದುಹಾಕಿದೆ. ಬೇರೆ ಮೊದಲ ವಾಕ್ಯ ಬೇಕು.

ಇನ್ನೊಂದು ವಿಷಯ. ಗುಜರಾತಿನಲ್ಲಿ ಸೋಲಾರ್ ಫಲಕ ಜೋಡಿಸುವ ಕೆಲಸಕ್ಕೆ ಆಲ್ದೂರಿನ ಮಾವ ಉಮೇಶನ ಹೆಸರು ಕೊಟ್ಟಿದ್ದಾನಂತೆ. ಎರಡು ವರ್ಷ. ಫೆಬ್ರವರಿಯಲ್ಲಿ ಹೊರಡುವುದು. ಇಲ್ಲೇ ಇದ್ದರೆ ಸಾಯುವವರೆಗೂ ಜವರಯ್ಯನ ಮಗ ಎಂದೇ ಕೂಗುತ್ತಾರೆ ಅಂದ.

ಒಳ್ಳೆಯದು. ಶ್ರಮಿಕನಿಗೆ ಎಲ್ಲ ನೆಲವೂ ತನ್ನ ನೆಲವೇ.

ಡಿಸೆಂಬರ್ 28

ಗುಜರಾತ್ ನಕ್ಷೆ ನೋಡಿದೆ. ಅವನು ಹೇಳಿದ ಜಾಗದ ಸುತ್ತ ಬಿಳಿ ಬಣ್ಣ ಬಿಟ್ಟರೆ ಏನೂ ಇಲ್ಲ. ಮರ ಇಲ್ಲ. ಉಪ್ಪು.

ಜನವರಿ 4

ಮೈಸೂರಿನ ಒಂದು ಸಣ್ಣ ಕಂಪನಿ. ಆಸ್ಪತ್ರೆಗಳ ಬಿಲ್ಲಿನ ಸಾಫ್ಟ್‌ವೇರ್ ಪರೀಕ್ಷೆ ಮಾಡುವ ಕೆಲಸ. ಮನೆಯಿಂದಲೇ ಮಾಡಬಹುದು. ನಾಲ್ಕು ದಿನದಿಂದ ಇಂಥದ್ದನ್ನೇ ಹುಡುಕುತ್ತಿದ್ದೆ. ರವಿಶಂಕರ ಅವರ ಹತ್ತಿರ ಮಾತಾಡಿಯೂ ಆಯಿತು: ಕೆಲಸ ಸಿಕ್ಕರೆ ಹಿಂದಿನ ಕೋಣೆಯಲ್ಲೇ ಹಗಲೆಲ್ಲ ಕೂತು ಮಾಡಲಿ, ಫೈಬರ್ ಲೈನು ಹೇಗೂ ಇದೆ ಎಂದರು. ಗಾಜಿನ ಆ ಕಡೆ ಅವನು, ಈ ಕಡೆ ನಾನು.

ಉಮೇಶನ ಹೆಸರಲ್ಲಿ ಅರ್ಜಿ ಹಾಕಿದೆ. ಆಮೇಲೆ ಅವನಿಗೆ ಹೇಳಿದೆ. "ನಿಂಗ್ಯಾಕೆ ಇಷ್ಟು ಅರ್ಜೆಂಟು?" ಅಂದ. ಸ್ಥಳೀಯ ಉದ್ಯೋಗದ ಮಹತ್ವದ ಬಗ್ಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡ. ಆಮೇಲೆ ಹೂಂ ಅಂದ.

ಜನವರಿ 8

ಅಶ್ವಿನ್ ಮೈಸೂರು ಪಾಕು ತಂದುಕೊಟ್ಟ. ಕೆಲಸ ಸಿಕ್ಕಿದೆ. "ನಿನ್ ಕೋಣೆ ಲಕ್ಕಿ" ಎಂದು ಹೇಳಿ, ಬಾಗಿಲ ಮೇಲಿನ ಕಾಗದವನ್ನು ಮತ್ತೊಮ್ಮೆ ಓದಿ, ನಗದೆ ಹೋದ. ನಗದೇ ಇದ್ದದ್ದು ಹೆಚ್ಚು ಉರಿಸಿತು.

ತಿನ್ನಬಾರದು ಅಂದುಕೊಂಡೆ. ಉಮೇಶ್ ಬಂದು ತಿಂದ. "ಸಿಹಿ ಏನು ತಪ್ಪು ಮಾಡ್ತು ಲೀಡರ್, ಪಾಪ" ಅಂದ.

ಇವತ್ತಿನ ಅಭ್ಯಾಸದಲ್ಲಿ ಹತ್ತು ಪ್ರಶ್ನೆಯಲ್ಲಿ ಏಳಕ್ಕೆ ಗೊತ್ತಿಲ್ಲ ಅಂದ. ಆದರೆ ನಾನು ಉತ್ತರದ ಮೊದಲ ಮೂರು ಪದ ಹೇಳಿಕೊಟ್ಟರೆ ಸಾಕು, ಉಳಿದದ್ದನ್ನು ಅವನೇ ಹೇಳುತ್ತಾನೆ, ನನಗಿಂತ ಚೆನ್ನಾಗಿ. ಯಾರೋ ಬಾಗಿಲು ತೆಗೆಯಬೇಕು, ಅಷ್ಟೆ.

ಜನವರಿ 13

ಸಂದರ್ಶನ 16ಕ್ಕೆ, ಬೆಳಿಗ್ಗೆ.

ಇವತ್ತು ಮಾತಿಗೆ ಮಾತು ಬಂದು ನಾನು ಒಂದು ಸಾಧ್ಯತೆ ಹೇಳಿದೆ. ಉದಾಹರಣೆಗೆ ಹೇಳಿದ್ದು. ಅಂಗಡಿಯಲ್ಲಿ ಮಾರಾಟಕ್ಕಿರುವ ತಂತಿಯಿಲ್ಲದ ಇಯರ್‌ಬಡ್ ಎಷ್ಟು ಚಿಕ್ಕದಿದೆ ಎಂದರೆ ಉಣ್ಣೆ ಟೋಪಿ ಹಾಕಿದರೆ ಕಾಣುವುದೇ ಇಲ್ಲ. ಜನವರಿ ಚಳಿಯಲ್ಲಿ ಬಣಕಲ್‌ನಲ್ಲಿ ಟೋಪಿ ಯಾಕೆ ಎಂದು ಯಾರೂ ಕೇಳುವುದಿಲ್ಲ. ನಾನು ಕೌಂಟರಿನಲ್ಲಿ ಫೋನು ಹಿಡಿದು ಗಿರಾಕಿಯ ಜೊತೆ ಮಾತಾಡುವ ಹಾಗೆ ನಿಂತಿದ್ದರೆ ಆಯಿತು.

ಉಮೇಶ್ ಬಾಗಿಲ ಮೇಲಿನ ಕಾಗದದ ಕಡೆ ನೋಡಿದ. "ನೀನಾ ಹೇಳ್ತಿರೋದು?" ಅಂದ.

ಮೊದಲ ಮೂರು ಪದ ಮಾತ್ರ ಎಂದೆ. ಗೊತ್ತಿರುವುದನ್ನೇ ಹೇಳಿಸುವುದು ಕಳ್ಳತನ ಹೇಗಾಗುತ್ತದೆ? ಹಣ್ಣು ನಿಜ, ಕಿತ್ತವನು ಅವನೇ. ಪ್ರಶ್ನೆ ಕೇಳುವವರಿಗೂ ಉತ್ತರಿಸುವವರಿಗೂ ನಡುವೆ ನೂರು ವರ್ಷದ ಕುರ್ಚಿ ಇರುವಾಗ ಯಾವ ಸಂದರ್ಶನ ಸಮಾನವಾದದ್ದು? ಇದನ್ನೆಲ್ಲ ಹೇಳಿದೆ. ಅವನು ಬೇಡ ಅನ್ನಲಿಲ್ಲ.

ಬಾಗಿಲ ಮೇಲಿನ ಕಾಗದ ತೆಗೆದಿದ್ದೇನೆ. ಅಂಟು ಬಿಟ್ಟುಕೊಂಡಿತ್ತು.

ಜನವರಿ 16

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಅವನು ಬಿಳಿ ಅಂಗಿ ಹಾಕಿಕೊಂಡು, ಟೋಪಿ ಎಳೆದುಕೊಂಡು, ಗಾಜಿನ ಆ ಕಡೆ ಕೂತ. ಎರಡೂ ಕಿವಿಯಲ್ಲಿ ಇಯರ್‌ಬಡ್. ನಾನು ಅವನ ಜೇಬಿನ ಫೋನಿಗೆ ಕರೆ ಮಾಡಿ ಲೈನು ತೆರೆದಿಟ್ಟೆ. ಲ್ಯಾಪ್‌ಟಾಪಿನ ಮಾತಿನ ಜೊತೆ ಅವನ ಉಸಿರೂ ನನ್ನ ಕಿವಿಯಲ್ಲಿ ಕೇಳುತ್ತಿತ್ತು. ಇಷ್ಟು ವರ್ಷದಲ್ಲಿ ಅವನ ಉಸಿರು ಕೇಳಿದ್ದು ಇದೇ ಮೊದಲು. ಇದು ಇಲ್ಲಿ ಮುಖ್ಯವಲ್ಲ.

ಸಂದರ್ಶನ ಮಾಡಿದವರು ರಂಜನಾ ಎಂಬ ಮೇಡಂ. ಕನ್ನಡದಲ್ಲೇ ಮಾತಾಡಿಸಿದರು. ಮೊದಲ ಪ್ರಶ್ನೆಗೆ ಮೂರು ಪದ ಹೇಳಿದೆ, ಅವನು ಮುಂದುವರಿಸಿದ. ಎರಡನೆಯದಕ್ಕೂ ಹಾಗೇ. ಮೂರನೆಯದಕ್ಕೆ ಅವನು ಮೂರು ಪದದ ಮೇಲೆ ನಿಂತುಬಿಟ್ಟ. ನನ್ನ ಬಾಯಿ ನಿಲ್ಲಲಿಲ್ಲ. ಪೂರ್ತಿ ಉತ್ತರ ಹೇಳಿದೆ. ಅವನಿಗೆ ಗೊತ್ತಿಲ್ಲದ್ದು ಅದು, ನನಗೆ ಗೊತ್ತಿತ್ತು. ಅವನು ಒಂದೊಂದೇ ಪದವನ್ನು ನನ್ನ ಹಿಂದೆ ಹೇಳಿದ, ಸಣ್ಣ ಮಕ್ಕಳು ಮಗ್ಗಿ ಹೇಳುವ ಹಾಗೆ.

ಮೇಡಂ ಅಂದರು: "ತುಂಬಾ ಚೆನ್ನಾಗಿ ಹೇಳಿದ್ರಿ ಉಮೇಶ್. ಇಷ್ಟು ಸ್ಪಷ್ಟವಾಗಿ ಇವತ್ತು ಯಾರೂ ಹೇಳಲಿಲ್ಲ."

ಗಾಜಿನಲ್ಲಿ ಅವನ ಬೆನ್ನು ಕಾಣುತ್ತಿತ್ತು. ಅದು ನೆಟ್ಟಗಾಯಿತು. ಅವನು ಟೋಪಿ ತೆಗೆದ. ಎರಡೂ ಇಯರ್‌ಬಡ್ ಕಿತ್ತು ಮೇಜಿನ ಮೇಲೆ, ಕ್ಯಾಮೆರಾಕ್ಕೆ ಕಾಣುವ ಹಾಗೆ ಇಟ್ಟ.

"ಮೇಡಂ, ಆ ಉತ್ತರ ನಂದಲ್ಲ."

ಮೇಡಂ ಯಾರದ್ದು ಎಂದು ಕೇಳಿದರು. ಸ್ನೇಹಿತರದ್ದು, ಅವರಿಗೆ ಇದು ಗೊತ್ತು, ನನಗೆ ಗೊತ್ತಿರೋದು ಬೇರೆ ಅಂದ. ಹಾಗಾದರೆ ಗೊತ್ತಿರುವುದನ್ನು ಹೇಳಿ ಎಂದರು, ಕೋಪದಲ್ಲಿ ಅಂದರೋ ಏನೋ. ಅವನು ಹೇಳಿದ. ತೂಕದ ಆ್ಯಪು, ಎರಡು ಸಲ ಬೀಳುವ ಚೀಲ, ಯಾವ ಹೊತ್ತಿಗೆ ಬೀಳುತ್ತದೆ ಎಂದು ಮೂರು ಸಂಜೆ ತಕ್ಕಡಿ ಪಕ್ಕ ನಿಂತು ನೋಡಿದ್ದು, ಎಲ್ಲ. ಒಂದು ಸಲವೂ ಗೊತ್ತಿಲ್ಲ ಅನ್ನಲಿಲ್ಲ. ಒಂದು ಸಲವೂ ನನ್ನ ಕಡೆ ತಿರುಗಲಿಲ್ಲ.

ಕರೆ ಕಡಿದಿರಲಿಲ್ಲ. ಮೇಜಿನ ಮೇಲಿಂದ ಅವನ ದನಿ ನನಗೆ ಬರುತ್ತಿತ್ತು, ನನ್ನದು ಅವನಿಗೆ ಹೋಗುವಂತಿರಲಿಲ್ಲ. ಜೆರಾಕ್ಸಿಗೆ ಬಂದ ಹೆಂಗಸು ಆಧಾರ್ ಕಾರ್ಡ್ ಹಿಡಿದು ಕಾಯುತ್ತಿದ್ದಳು. ನಾನು ಅವಳಿಗೆ ಬೆನ್ನು ಮಾಡಿ, ಫೋನಿನಲ್ಲಿ, "ಹೋಗಬೇಡ" ಅಂದೆ. ಎರಡು ಸಲ ಅಂದೆ ಅಂತ ಕಾಣುತ್ತದೆ. ಲೈನು ಇದೆಯಾ ಇಲ್ಲವಾ ನೋಡುವುದಕ್ಕೆ.

ಜನವರಿ 17

ಅವನು ಬಂದಿಲ್ಲ. ಕ್ಷಮೆ ಕೇಳಬೇಕಾದವರು ಯಾರು ಎಂದು ಯೋಚಿಸುತ್ತಿದ್ದೇನೆ. ಅಮ್ಮ ಯಾಕೆ ಊಟ ಮಾಡಲ್ಲ ಎಂದು ಕೇಳಿದಳು.

ಜನವರಿ 19

ಅಮ್ಮನಿಗೆ ಎಲ್ಲ ಹೇಳಿದೆ. ಅಂದರೆ ಸಂದರ್ಶನದ್ದು.

ಅವಳು ಅಕ್ಕಿ ಆರಿಸುತ್ತಾ ಕೇಳಿಸಿಕೊಂಡಳು. "ತೂಕದ ಮೇಲಿಟ್ಟ ಕಾಲು ಯಾರದ್ದು, ಅವಂದಾ?" ಎಂದಳು. ನನ್ನದು ಎಂದೆ. ಮೊರ ಕೆಳಗಿಟ್ಟು ನನ್ನ ಮುಖ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. "ಇಲ್ಲೇ ಇರ್ಲಿ ಅಂತ ಅಷ್ಟು ಆಸೆ ಇದ್ರೆ ಅವನ ಹತ್ರಾನೇ ಹೇಳಬಾರದಾ. ಮೈಸೂರಿನೋರ ಹತ್ರ ಯಾಕೆ ಹೇಳಿಸ್ತೀಯ?" ಎಂದಳು.

ಅಮ್ಮ ವಿಷಯವನ್ನು ಸಂಪೂರ್ಣವಾಗಿ ತಪ್ಪು ತಿಳಿದಿದ್ದಾಳೆ.

ಜನವರಿ 24

ಅಂಗಡಿಯ ಇಮೇಲಿಗೆ ಉತ್ತರ ಬಂತು. ಸಂದರ್ಶನದಲ್ಲಿ ಹೊರಗಿನ ಸಹಾಯ ಪಡೆದವರನ್ನು ತೆಗೆದುಕೊಳ್ಳುವಂತಿಲ್ಲ, ಅದು ಕಂಪನಿಯ ನಿಯಮ. ಕೆಳಗೆ ಮೇಡಂ ತಾವೇ ಒಂದು ಸಾಲು ಸೇರಿಸಿದ್ದರು: ಟೋಪಿ ತೆಗೆದ ಮೇಲಿನ ಉತ್ತರಗಳಿಂದಲೇ ಶುರು ಮಾಡಿದ್ದರೆ ನಿಮ್ಮನ್ನೇ ಆರಿಸುತ್ತಿದ್ದೆ.

ಸಂಜೆ ಅವನು ಬಂದ, ಪ್ರಿಂಟ್ ತೆಗೆದು ಕೊಟ್ಟೆ. ಉಮೇಶ್ ಎರಡು ಸಲ ಓದಿ ಮಡಚಿ ಜೇಬಿಗೆ ಹಾಕಿಕೊಂಡ. ನಾನು ಹಾಳುಮಾಡಿದೆ ಎಂದೆ. "ಹಂಗೇನಿಲ್ಲ. ನೀನು ಶುರು ಮಾಡ್ದೇ ಇದ್ರೆ ನಾನು ಮೊದಲನೇದಕ್ಕೇ ಗೊತ್ತಿಲ್ಲ ಅಂತ ಎದ್ದು ಬರ್ತಿದ್ದೆ" ಅಂದ. ಮತ್ತೆ, "ಗೊತ್ತು ಅಂದ್ರೆ ಹೆಂಗಿರ್ತದೆ ಅಂತ ಗೊತ್ತಾಯ್ತಲ್ಲ. ಗುಜರಾತಲ್ಲಿ ಬೇಕಾಗ್ತದೆ."

ಅಲ್ಲಿಗೆ ಗುಜರಾತು ನಿಶ್ಚಯ.

ಕಿರುಹೊತ್ತಗೆ ಮುಂದೆ ಹೋಗುತ್ತಿಲ್ಲ. ಅಶ್ವಿನ್ ನಿಜ ಹೇಳಲಿಲ್ಲ, ಅವನಿಗೆ ಕೆಲಸವಿದೆ. ಉಮೇಶ್ ಹೇಳಿದ, ಅವನಿಗಿಲ್ಲ. ಇದರ ಬಗ್ಗೆ ಕಿಡಿ ಕಾರಿ ನಾಲ್ಕು ಪುಟ ಬರೆಯಬಹುದು. ಬರೆಯಲು ಕೂತರೆ ಅವನ ಬೆನ್ನು ನೆಟ್ಟಗಾದದ್ದೇ ಕಣ್ಣಿಗೆ ಬರುತ್ತದೆ. ಏಕೆ ಕದಿಯುತ್ತಾರೆ ಎಂಬುದಕ್ಕೆ ನನ್ನ ಹತ್ತಿರ ಈಗ ಒಂದೇ ಉತ್ತರವಿದೆ: ಏನನ್ನೋ ತುಂಬಾ ಬಯಸಿ, ಅದನ್ನು ನೇರವಾಗಿ ಕೇಳಲಾರದೆ. ಇದು ಕಿರುಹೊತ್ತಗೆಯ ವಾಕ್ಯ ಅಲ್ಲ.

ಫೆಬ್ರವರಿ 2

ಹೋದ.

ಬಣಕಲ್ ಸ್ಟಾಪಿನಲ್ಲಿ ಮಂಗಳೂರು ಬಸ್ಸು ಹತ್ತಿದ, ಅಲ್ಲಿಂದ ರೈಲು. ಜವರಯ್ಯ ಮಗನಿಗೆ ಒಂದು ಚೀಲ ಕಾಫಿಪುಡಿ ಕೊಟ್ಟು, ಅಲ್ಲಿ ಹಾಲು ಸಿಗುತ್ತದಾ ಎಂದು ಮೂರು ಸಲ ಕೇಳಿದರು. ನಾನು ಕಾರ್ಮಿಕ ಕಾನೂನಿನ ಎರಡು ಹೊತ್ತಗೆ ಕೊಟ್ಟೆ. ಅವನು ಟೋಪಿ ತೆಗೆದು ನನ್ನ ಕೈಗಿಟ್ಟ, ಅಲ್ಲಿ ಸೆಕೆ, ಬೇಡ ಅಂದ.

"ಏನಾದ್ರೂ ಹೇಳು ಲೀಡರ್. ಭಾಷಣ ಆದ್ರೂ ಪರವಾಗಿಲ್ಲ."

ಕರೆಗಳು ರೆಕಾರ್ಡ್ ಆಗುವುದನ್ನು ನಿಲ್ಲಿಸಬೇಡ, ಅಲ್ಲಿನ ಕಂಟ್ರಾಕ್ಟರುಗಳನ್ನು ನಂಬಬೇಡ ಎಂದೆ.

ಬಸ್ಸು ಹೋದ ಮೇಲೆ ಅಂಗಡಿಗೆ ಬಂದು ಹಿಂದಿನ ಕೋಣೆ ಗುಡಿಸಿದೆ.

ಫೆಬ್ರವರಿ 11

ರೊಬಸ್ಟಾ ಕುಯ್ಲು ನಡೆಯುತ್ತಿದೆ. ಪಿಕಪ್ಪನ್ನು ಬೇರೆ ಯಾರೋ ಓಡಿಸುತ್ತಾರೆ, ತಿರುವಿನಲ್ಲಿ ಹಾರನ್ ಹೊಡೆಯುವುದಿಲ್ಲ.

ಟೋಪಿಯನ್ನು ಒಗೆಯಬೇಕು ಅಂದುಕೊಂಡು ಒಗೆದಿಲ್ಲ. ಬೆಳಿಗ್ಗೆ ಚಳಿ ಇದ್ದಾಗ ಹಾಕಿಕೊಳ್ಳುತ್ತೇನೆ. ಉಣ್ಣೆಯನ್ನು ಪದೇ ಪದೇ ಒಗೆದರೆ ಹಾಳಾಗುತ್ತದೆ.

ಫೆಬ್ರವರಿ 15

ಇವತ್ತು ಒಬ್ಬಳು ಹುಡುಗಿ ಸಂದರ್ಶನಕ್ಕೆ ಬಂದಿದ್ದಳು, ಶಾಲಿನಿ ಅಂತ, ಕಳಸದ ಕಡೆಯವಳು. ಅಂಗೈಯಲ್ಲಿ ಪೆನ್ನಿನಿಂದ ಏನೇನೋ ಬರೆದುಕೊಂಡಿದ್ದಳು. ಬೆವರಿಗೆ ಅರ್ಧ ಅಳಿಸಿತ್ತು. ನನ್ನನ್ನು ನೋಡಿ ಕೈ ಮುಚ್ಚಿದಳು. ನಾನು ಬೈಯಲಿಲ್ಲ. ಇನ್ನೂ ಸಮಯವಿದೆ, ಅದನ್ನು ಒಮ್ಮೆ ನನಗೆ ಬಾಯಲ್ಲಿ ಹೇಳು ನೋಡೋಣ ಎಂದೆ. ಹೇಳಿದಳು. ಎಲ್ಲ ಗೊತ್ತಿತ್ತು. ಕೈ ತೊಳೆದುಕೊಂಡು ಒಳಗೆ ಹೋದಳು.

ಉಮೇಶನಿಗೆ ಇದನ್ನು ಹೇಳಬೇಕು ಅನ್ನಿಸಿತು. ಅವನಿರುವಲ್ಲಿ ಸಿಗ್ನಲ್ ಸಿಗುವುದು ನೀರಿನ ಟ್ಯಾಂಕಿನ ಮೇಲೆ ಹತ್ತಿದರೆ ಮಾತ್ರವಂತೆ.

ಫೆಬ್ರವರಿ 20

ಬೆಳಿಗ್ಗೆ ಎದ್ದಾಗ ಅವನ ಮೆಸೇಜು ಬಂದಿತ್ತು. 'ಲೀಡರ್, ಫೋನು ತುಂಬಿಹೋಗಿದೆ, ಫೋಟೋ ತೆಗೆಯಕ್ಕೂ ಜಾಗ ಇಲ್ಲ. ಹಳೇ ಕರೆ ರೆಕಾರ್ಡೆಲ್ಲ ಅಳಿಸ್ಲಾ? ಕಂಟ್ರಾಕ್ಟರಂದು ನಿಂಗೆ ಬೇಕಾ?'

ಹಾಸಿಗೆಯಲ್ಲೇ ಎದ್ದು ಕೂತೆ. ಜನವರಿ 16ರ ಕರೆ. ಆ ಫೋನನ್ನು ಹಾಗೆ ಮಾಡಿಟ್ಟವಳು ನಾನೇ. ಅವನ ಉಸಿರು, ಮೂರು ಮೂರು ಪದ, ಮಗ್ಗಿಯ ಹಾಗೆ ಹೇಳಿದ ಉತ್ತರ, ಟೋಪಿ ತೆಗೆದ ಮೇಲಿನ ಅವನ ದನಿ, ಎಲ್ಲ ಅದರಲ್ಲಿದೆ. ನನ್ನದೂ ಇದೆ, ಕೊನೆಯಲ್ಲಿ ಎರಡು ಸಲ ಅಂದದ್ದು. ಇಷ್ಟು ದಿನ ಅವನ ಜೇಬಿನಲ್ಲೇ ಇತ್ತು, ಅವನು ಕೇಳಿಲ್ಲ.

ಎಲ್ಲ ಅಳಿಸು ಎಂದರೆ ಮುಗಿಯಿತು. ಅವನು ಅಳಿಸುತ್ತಾನೆ, ಯಾಕೆ ಎಂದೂ ಕೇಳುವುದಿಲ್ಲ.

ಅಮ್ಮ ಕುಯ್ಲಿಗೆ ಹೊರಟಿದ್ದಳು. ಏನೇ ಅದು, ಬೆಳಿಗ್ಗೆ ಬೆಳಿಗ್ಗೆ ಫೋನು ಎಂದಳು. ಉಮೇಶ್ ಒಂದು ಪ್ರಶ್ನೆ ಕೇಳಿದ್ದಾನೆ ಎಂದೆ. "ಗೊತ್ತಿದ್ರೆ ಹೇಳು ಮತ್ತೆ" ಎಂದು ಬುಟ್ಟಿ ಎತ್ತಿಕೊಂಡು ಹೋದಳು.

ಬರೆದೆ: 'ಎಲ್ಲ ಅಳಿಸು. ಜನವರಿ 16ರದ್ದು ಮಾತ್ರ, ಅಳಿಸುವ ಮುಂಚೆ ಕೊನೆಯ ತನಕ ಕೇಳು.'

ಕಳಿಸಿದೆ. ಒಂದೇ ಟಿಕ್ ಬಂತು. ಅವನಿನ್ನೂ ಟ್ಯಾಂಕು ಹತ್ತಿಲ್ಲ. ಈಗಲೂ ಹಿಂದಕ್ಕೆ ತೆಗೆದುಕೊಳ್ಳಬಹುದು.

ಅಂಗಡಿಗೆ ಹೊತ್ತಾಯಿತು. ಫೋನನ್ನು ಮನೆಯಲ್ಲೇ ಇಟ್ಟು ಹೋಗುತ್ತಿದ್ದೇನೆ.